ಡಿಸೀರಿಯಲೈಜರ್ ಒಳಗ ಸರ್ವಿಸ್ ನಲ್: ವೆಬ್‌ನಾಗ ಬರೋದು ಕ್ಯೂದಾಗ ಯಾಕ ಬರವಲ್ದು?

ತೊಗರಿಕಣ, ಕಲಬುರಗಿ
ಸೋಮವಾರ, ರಾತ್ರಿ 9:40

ಎಲ್ಲಾರಿಗೂ ಶರಣು. ಎರಡು ದಿನ ಆತು, ಒಂದೇ ಕಡೆ ಸಿಕ್ಕೊಂಡೀನಿ. ಸ್ವಲ್ಪ ಉದ್ದ ಬರಿತೀನಿ, ದಯಮಾಡಿ ಪೂರಾ ಓದ್ರಿ.

ನಾವು ಗಂಜ್‌ನಾಗಿನ ಅಡತಿ ಅಂಗಡಿಗಳಿಗೆ ತೂಕದ ಚೀಟಿಯ ಸಾಫ್ಟ್‌ವೇರ್ ಮಾಡಿ ಕೊಡ್ತೀವಿ. ಹಳ್ಳಿಯೊಳಗ ತೊಗರಿ ತೂಗಿದ ಮ್ಯಾಲ ಅಂಗಡಿ ಹುಡುಗರು ಫೋನಿನಾಗ ಚೀಟಿ ತುಂಬ್ತಾರ. ರೈತರ ಹೆಸರು, ಊರು, ಚೀಲ ಎಷ್ಟು, ಕ್ವಿಂಟಲ್ ಎಷ್ಟು, ದರ ಎಷ್ಟು, ಇಷ್ಟೇ. ನೆಟ್‌ವರ್ಕ್ ಇದ್ರ ಅದು ಜೇಸನ್ (ಹೆಸರು-ಬೆಲಿ ಜೋಡಿಗಳ ಪಠ್ಯ) ಆಗಿ ನೇರ ವೆಬ್ ಎಪಿಐಗೆ, ಅಂದ್ರ ಸರ್ವರಿನ ವೆಬ್ ಬಾಗಿಲಿಗೆ, ಬರ್ತದ. ನೆಟ್‌ವರ್ಕ್ ಇಲ್ಲದ ಊರಿನ ಚೀಟಿಗಳು ಸಂಜಿಗೆ ಅಂಗಡಿ ಕಂಪ್ಯೂಟರಿನಿಂದ ಒಟ್ಟಿಗೆ ರ‍್ಯಾಬಿಟ್ ಎಂಕ್ಯೂ ಕ್ಯೂದಾಗ (ಸಂದೇಶಗಳು ಸರದಿ ಕಾಯೋ ಸಾಲು) ಬೀಳ್ತಾವ. ಸರ್ವರ್ ಜಾವಾದ ಸ್ಪ್ರಿಂಗ್ ಬೂಟ್ 3 ಚೌಕಟ್ಟಿನ ಮ್ಯಾಲ ನಡೀತದ, ಜೇಸನ್ ಓದೋದು ಜಾಕ್ಸನ್ 2 ಅನ್ನೋ ಲೈಬ್ರರಿ.

ತೊಂದ್ರಿ ಇರೋದು ಊರಿನ ಹೆಸರಿಂದು. ಒಬ್ಬ ಕಲಬುರಗಿ ಅಂತ ಬರಿತಾನ, ಇನ್ನೊಬ್ಬ ಕಲಬುರ್ಗಿ, ಮತ್ತೊಬ್ಬ ಗುಲ್ಬರ್ಗಾ, ಅವರಪ್ಪ ಗುಲಬರ್ಗಾ. ಸರ್ಕಾರ ಹೆಸರು ಬದಲಿ ಮಾಡಿದ್ದು 2014ರ ನವೆಂಬರ್ 1ಕ್ಕ, ಬರಿಯೋ ಕೈ ಇನ್ನೂ ಬದಲಿ ಆಗಿಲ್ಲ. ಸುರಪುರ-ಶೋರಾಪುರ, ಜೇವರ್ಗಿ-ಜೇವರಗಿ, ಹಿಂಗ ಸಾಲ ಅದ. ಅದಕ್ಕ ನಾನು ಒಂದು ಊರು ಡಿಸೀರಿಯಲೈಜರ್ ಬರದೀನಿ, ಅಂದ್ರ ಜೇಸನ್ ಪಠ್ಯ ಓದಿ ಪ್ರೋಗ್ರಾಮಿನ ವಸ್ತು ಮಾಡೋ ಕ್ಲಾಸು. ಅದರೊಳಗ ಊರುಕೋಶ ಅನ್ನೋ ಸರ್ವಿಸ್ಸಿಗೆ ಆಟೋವೈರ್ಡ್ (ಇದನ್ನ ಸ್ಪ್ರಿಂಗೇ ತುಂಬಬೇಕು ಅನ್ನೋ ಗುರುತು) ಹಾಕೀನಿ, ಅದು ಡೇಟಾಬೇಸ್‌ನಾಗ ಹುಡುಕಿ ಊರಿನ ಕೋಡ್ ಕೊಡ್ತದ. ಚೀಟಿ ಕ್ಲಾಸಿನ ಊರು ಫೀಲ್ಡಿನ ಮ್ಯಾಲ ಜೇಸನ್ ಡಿಸೀರಿಯಲೈಜ್ ಅನೊಟೇಶನ್ (ಕೋಡಿಗೆ ಹಚ್ಚೋ ಗುರುತು) ಇಟ್ಟು ಆ ಕ್ಲಾಸಿನ ಹೆಸರು ಕೊಟ್ಟೀನಿ.

ಈಗ ಆಗ್ಲಕತ್ತದ್ದು ಏನಂದ್ರ, ವೆಬ್ ಎಪಿಐಗೆ ಚೀಟಿ ಕಳಿಸಿದ್ರ ಎಲ್ಲಾ ಸರಿ ಬರ್ತದ. ಅದೇ ಚೀಟಿ, ಒಂದಕ್ಷರ ಬಿಡದಂಗ ಅದೇ ಜೇಸನ್, ಕ್ಯೂದಿಂದ ಬಂದ್ರ ನಲ್ ಪಾಯಿಂಟರ್ ಎಕ್ಸೆಪ್ಷನ್. ಊರುಕೋಶ ನಲ್, ಅಂದ್ರ ಖಾಲಿ, ಅದ. ಡಿಸೀರಿಯಲೈಜರಿಗೆ ಕಾಂಪೊನೆಂಟ್ (ಇದನ್ನ ಸ್ಪ್ರಿಂಗೇ ಕಟ್ಟಿ ಇಟ್ಕೋಬೇಕು ಅನ್ನೋ) ಅನೊಟೇಶನ್ ಹಾಕಿ ನೋಡೀನಿ, ತೆಗೆದೂ ನೋಡೀನಿ. ಯೂನಿಟ್ ಟೆಸ್ಟ್‌ನಾಗೂ ನಲ್ಲೇ. ಶನಿವಾರ ಮಧ್ಯಾಹ್ನ ಏರಿಸಿದ ಆವೃತ್ತಿನ್ನ ಭಾನುವಾರ ರಾತ್ರಿ ವಾಪಸ್ ತೆಗೆದು ಹಳೇದು ಹಾಕೀವಿ.

ಒಂದು ಬಾಗಿಲಿಂದ ಬಂದ್ರ ಕೆಲಸ ಮಾಡೋ ಕ್ಲಾಸು ಇನ್ನೊಂದು ಬಾಗಿಲಿಂದ ಬಂದ್ರ ಯಾಕ ಮಾಡವಲ್ದು?

ಮಾಂಜ್ರಾ ದಂಡಿ, ಬೀದರ
ಸೋಮವಾರ, ರಾತ್ರಿ 10:05

ಕ್ಯೂ ಲಿಸನರಿಗೆ ಮೆಸೇಜ್ ಕನ್ವರ್ಟರ್ (ಬಂದ ಸಂದೇಶನ್ನ ವಸ್ತು ಮಾಡೋದು) ಯಾರು ಕಟ್ಟಿಕೊಟ್ಟಾರ, ಅದೊಂದು ನೋಡಿ ಹೇಳ್ರಿ. ಎಲ್ಲರೆ ನ್ಯೂ ಅಂತ ಬರೆದು ನೀವೇ ಕಟ್ಟೀರೇನು?

ತೊಗರಿಕಣ, ಕಲಬುರಗಿ
ಸೋಮವಾರ, ರಾತ್ರಿ 10:20

ಹೌದ್ರೀ ಅಣ್ಣಾ. ಕಾನ್ಫಿಗರೇಶನ್ ಕ್ಲಾಸಿನಾಗ ಜಾಕ್ಸನ್ ಜೇಸನ್ ಮೆಸೇಜ್ ಕನ್ವರ್ಟರನ್ನ ನ್ಯೂ ಮಾಡೀವಿ, ಆವರಣದೊಳಗ ಏನೂ ಕೊಟ್ಟಿಲ್ಲ. ಟೆಸ್ಟ್‌ನಾಗ ಜಾಕ್ಸನ್ನಿನ ಓದೋ ಯಂತ್ರ ಆದ ಆಬ್ಜೆಕ್ಟ್ ಮ್ಯಾಪರನ್ನೇ ನ್ಯೂ ಮಾಡೀವಿ. ಇದಕ್ಕೂ ಅದಕ್ಕೂ ಸಂಬಂಧ ಅದ?

ಮಾಂಜ್ರಾ ದಂಡಿ, ಬೀದರ
ಸೋಮವಾರ, ರಾತ್ರಿ 11:15

ಅಲ್ಲೇ ಅದ ನೋಡ್ರಿ. ಬಿಡಿಸಿ ಹೇಳ್ತೀನಿ.

ನಿಮ್ಮ ಡಿಸೀರಿಯಲೈಜರಿಗೆ ಜೀವ ಕೊಡೋದು ಸ್ಪ್ರಿಂಗ್ ಅಲ್ಲ, ಜಾಕ್ಸನ್. ಫೀಲ್ಡಿನ ಮ್ಯಾಲ ನೀವು ಬರೆದದ್ದು ಬರೇ ಕ್ಲಾಸಿನ ಹೆಸರು. ಜಾಕ್ಸನ್ ಆ ಹೆಸರು ಓದಿ, ರಿಫ್ಲೆಕ್ಷನ್ (ಹೆಸರಿನಿಂದಲೇ ಕ್ಲಾಸು ಹುಡುಕಿ ಬಳಸೋದು) ಮೂಲಕ, ಏನೂ ಬೇಡದ ಕನ್‌ಸ್ಟ್ರಕ್ಟರನ್ನ ಕರೆದು ವಸ್ತು ಕಟ್ಕೋತದ. ಆಟೋವೈರ್ಡ್ ಅನ್ನೋ ಅನೊಟೇಶನ್ ಏನು ಅಂತ ಜಾಕ್ಸನ್ನಿಗೆ ಗೊತ್ತೇ ಇಲ್ಲ, ಅದನ್ನ ಓದೋದು ಸ್ಪ್ರಿಂಗ್ ಒಂದೇ. ಹಿಂಗಾಗಿ ಫೀಲ್ಡ್ ಖಾಲಿ ಉಳೀತದ. ನೀವು ಕಾಂಪೊನೆಂಟ್ ಅಂತ ಹಾಕಿದಾಗ ಸ್ಪ್ರಿಂಗ್ ತನ್ನದೊಂದು ವಸ್ತು ಬ್ಯಾರೆ ಕಟ್ಟಿ, ಅದರೊಳಗ ಊರುಕೋಶ ತುಂಬಿ ಇಟ್ಕೊಂಡಿತ್ತು. ಅದನ್ನ ಯಾರೂ ಕೇಳಲಿಲ್ಲ, ಅಷ್ಟೇ.

ಮತ್ತ ವೆಬ್‌ನಾಗ ಹ್ಯಾಂಗ ನಡೀತು? ಜಾಕ್ಸನ್‌ನಾಗ ಹ್ಯಾಂಡ್ಲರ್ ಇನ್‌ಸ್ಟ್ಯಾನ್ಶಿಯೇಟರ್ ಅಂತ ಒಂದು ಕೊಂಡಿ ಅದ. ಅನೊಟೇಶನ್‌ನಾಗ ಹೆಸರಿಸಿದ ಡಿಸೀರಿಯಲೈಜರ್, ಸೀರಿಯಲೈಜರ್ ಯಾರು ಕಟ್ಟಬೇಕು ಅಂತ ಅದಕ್ಕ ಹೇಳಬಹುದು. ಅದಕ್ಕ ಹೊಂದೋ ಸ್ಪ್ರಿಂಗ್ ಹ್ಯಾಂಡ್ಲರ್ ಇನ್‌ಸ್ಟ್ಯಾನ್ಶಿಯೇಟರ್ ಅನ್ನೋ ಕ್ಲಾಸು ಸ್ಪ್ರಿಂಗ್ ವೆಬ್‌ನೊಳಗೇ ಅದ. ಸ್ಪ್ರಿಂಗ್ ಬೂಟ್ ತಾನೇ ಆಬ್ಜೆಕ್ಟ್ ಮ್ಯಾಪರ್ ಕಟ್ಟುವಾಗ ಇದನ್ನ ಸದ್ದಿಲ್ಲದ ಸೇರಿಸ್ತದ. ಆವಾಗ ಜಾಕ್ಸನ್ ತಾನು ಕಟ್ಟೋ ಬದಲು ಸ್ಪ್ರಿಂಗಿನ ಬೀನ್ ಫ್ಯಾಕ್ಟರಿಗೆ (ಬೀನ್ ಅಂದ್ರ ಸ್ಪ್ರಿಂಗ್ ಕಟ್ಟಿ ಸಾಕೋ ವಸ್ತು) ಕೇಳ್ತದ, ಅದು ಊರುಕೋಶ ತುಂಬೇ ಕೊಡ್ತದ. ವೆಬ್ ಎಪಿಐ ಆ ಮ್ಯಾಪರ್ ಮ್ಯಾಲ ನಡೀತದ. ನಿಮ್ಮ ಕನ್ವರ್ಟರ್ ಖಾಲಿ ಆವರಣದಿಂದ ಹುಟ್ಟಿದ್ದಕ್ಕ ತನ್ನದೇ ಹೊಸ ಮ್ಯಾಪರ್ ಮಾಡ್ಕೊಂಡದ, ಅದಕ್ಕ ಈ ಕೊಂಡಿ ಇಲ್ಲ. ಟೆಸ್ಟಿಂದೂ ಅದೇ ಕತಿ.

ಮದ್ದು ಒಂದೇ ಸಾಲಿಂದು: ಕನ್ವರ್ಟರ್ ಬೀನ್ ಮಾಡೋ ಮೆಥಡ್‌ನಾಗ ಆಬ್ಜೆಕ್ಟ್ ಮ್ಯಾಪರನ್ನ ಪ್ಯಾರಾಮೀಟರ್ ಆಗಿ ತಗೊಂಡು ಆ ಆವರಣದೊಳಗ ಕೊಡ್ರಿ.

ಕಾಫ್ಕಾ (ಇನ್ನೊಂದು ಸಂದೇಶ ಸಾಗಿಸೋ ವ್ಯವಸ್ಥೆ) ಬಳಸೋರು ಯಾರರೆ ಓದ್ಲಕತ್ತಿದ್ರ ಅವರಿಗೂ ಹೇಳ್ತೀನಿ. ಅಲ್ಲಿ ಇದು ಎರಡು ಪದರ. ಪ್ರಾಪರ್ಟಿ ಫೈಲಿನಾಗ ಡಿಸೀರಿಯಲೈಜರಿನ ಹೆಸರು ಬರೆದ್ರ ಅದನ್ನ ಕಾಫ್ಕಾ ತಾನೇ ಕಟ್ತದ, ಅದರೊಳಗಿನ ಮ್ಯಾಪರೂ ಬ್ಯಾರೆ. ಕನ್ಸ್ಯೂಮರ್ ಫ್ಯಾಕ್ಟರಿಗೆ ಹೆಸರು ಕೊಡೋ ಬದಲು ಕಟ್ಟಿದ ವಸ್ತುವನ್ನೇ ಕೊಡಬೇಕು.

ಓದೋ ಹುಡುಗ, ಔರಾದ
ಮಂಗಳವಾರ, ಬೆಳಿಗ್ಗೆ 7:10

ಸರ್, ನಾನು ಬಿಇ ಮೂರನೇ ವರ್ಷ. ಡಿಪೆಂಡೆನ್ಸಿ ಇಂಜೆಕ್ಷನ್, ಅಂದ್ರ ಬೇಕಾದ ವಸ್ತುನ್ನ ಹೊರಗಿಂದ ಕೊಡೋದು, ಅಂತ ಪುಸ್ತಕದಾಗ ಓದೀನಿ, ಪರೀಕ್ಷಾದಾಗ ಬರದೀನಿ. ಆದ್ರ ಊರುಕೋಶನ ಡಿಸೀರಿಯಲೈಜರ್ ಒಳಗೇ ನ್ಯೂ ಮಾಡಿದ್ರ ಈ ತ್ರಾಸೇ ಇರೋದಿಲ್ಲಲ್ರಿ? ತಪ್ಪು ಕೇಳಿದ್ರ ಕ್ಷಮಿಸ್ರಿ.

ಬಸವಕಲ್ಯಾಣದ ಅಕ್ಕ
ಮಂಗಳವಾರ, ಬೆಳಿಗ್ಗೆ 8:30

ತಮ್ಮಾ, ತಪ್ಪೇನಿಲ್ಲ, ಇದನ್ನ ಕೇಳದೇ ಮುಂದೆ ಹೋದವರೇ ಹೆಚ್ಚು.

ಗಂಜ್‌ನಲ್ಲಿ ಚೀಲ ತೂಗುವ ಹಮಾಲನನ್ನು ನೋಡಿದ್ದೀಯಲ್ಲ. ಅವನು ಮನೆಯಿಂದ ತಕ್ಕಡಿ ಹೊತ್ತು ತರೋದಿಲ್ಲ. ಅಂಗಡಿಯವರು ಮುದ್ರೆ ಹಾಕಿಸಿದ ತಕ್ಕಡಿ ಇಟ್ಟಿರ್ತಾರೆ, ಅವನು ಅದರ ಮೇಲೆ ತೂಗ್ತಾನೆ. ಪ್ರತಿಯೊಬ್ಬ ಹಮಾಲನೂ ತನ್ನದೊಂದು ತಕ್ಕಡಿ ತಂದರೆ ಒಂದೇ ಚೀಲಕ್ಕೆ ನಾಲ್ಕು ತೂಕ ಬರುತ್ತೆ. ಊರುಕೋಶಕ್ಕೆ ಡೇಟಾಬೇಸ್ ಸಂಪರ್ಕ ಬೇಕು, ಆ ಸಂಪರ್ಕಕ್ಕೆ ವಿಳಾಸ, ಗುಪ್ತಪದ ಬೇಕು, ಕನೆಕ್ಷನ್ ಪೂಲ್ (ತೆರೆದಿಟ್ಟ ಸಂಪರ್ಕಗಳ ಗುಂಪು) ಬೇಕು. ಡಿಸೀರಿಯಲೈಜರ್ ಒಳಗೆ ನ್ಯೂ ಮಾಡಿದರೆ ಅಷ್ಟನ್ನೂ ಅದೇ ಹೊರಬೇಕು. ಆಮೇಲೆ ಟೆಸ್ಟ್ ಬರೆಯುವಾಗ ಸುಳ್ಳು ಊರುಕೋಶ ಇಟ್ಟು ನೋಡೋಕೆ ದಾರಿಯೇ ಉಳಿಯೋದಿಲ್ಲ.

ತೊಗರಿಕಣ ಅವರಿಗೆ ಇನ್ನೊಂದು ಮಾತು. ಫೀಲ್ಡಿನ ಮೇಲಿನ ಆಟೋವೈರ್ಡ್ ತೆಗೆದು ಊರುಕೋಶವನ್ನು ಕನ್‌ಸ್ಟ್ರಕ್ಟರ್ ಮೂಲಕ ತಗೊಳ್ಳಿ. ಸ್ಪ್ರಿಂಗ್ ಕೊಂಡಿ ಇರುವ ಮ್ಯಾಪರಿನಲ್ಲಿ ಅದು ಹಾಗೇ ನಡೆಯುತ್ತೆ. ಕೊಂಡಿ ಇಲ್ಲದ ಮ್ಯಾಪರ್ ಸಿಕ್ಕರೆ ಖಾಲಿ ಕನ್‌ಸ್ಟ್ರಕ್ಟರ್ ಇಲ್ಲ ಅಂತ ಜಾಕ್ಸನ್ ಮೊದಲ ಚೀಟಿಗೇ ಕೂಗಿ ನಿಲ್ಲುತ್ತೆ. ಈಗ ಆದದ್ದು ನೋಡಿ, ವಸ್ತು ಹುಟ್ಟಿದೆ, ಒಳಗೆ ನಲ್ ಇದೆ, ನೀವು ಎರಡು ದಿನ ಹುಡುಕಿದ್ದೀರಿ. ಎಕ್ಸೆಪ್ಷನ್ ಕಾರಣದ ಹತ್ತಿರವೇ ಸಿಡಿಯಬೇಕು.

ಇನ್ನೂ ಒಳ್ಳೆಯದು ಅಂದರೆ ಅನೊಟೇಶನ್‌ನಲ್ಲಿ ಕ್ಲಾಸಿನ ಹೆಸರು ಕೊಡೋದನ್ನೇ ಬಿಟ್ಟು, ಡಿಸೀರಿಯಲೈಜರ್ ಮೇಲೆ ಜೇಸನ್ ಕಾಂಪೊನೆಂಟ್ ಅನೊಟೇಶನ್ ಹಾಕೋದು. ಸ್ಪ್ರಿಂಗ್ ಬೂಟ್ 1.4ರಿಂದ ಇದು ಇದೆ. ಆಗ ಅದು ನಿಜವಾದ ಬೀನ್, ಬೂಟ್ ತಾನೇ ಮಾಡ್ಯೂಲ್ (ಮ್ಯಾಪರಿಗೆ ಹಚ್ಚುವ ಕಟ್ಟು) ಮೂಲಕ ಮ್ಯಾಪರಿಗೆ ಸೇರಿಸುತ್ತೆ. ಈಗಿನ ಕ್ರಮದಲ್ಲಿ ಇನ್ನೊಂದು ಗುಂಡಿ ಇದೆ: ಸ್ಪ್ರಿಂಗ್ ಹ್ಯಾಂಡ್ಲರ್ ಇನ್‌ಸ್ಟ್ಯಾನ್ಶಿಯೇಟರ್ ನಿಮ್ಮ ಬೀನನ್ನು ಹುಡುಕಿ ಕೊಡೋದಿಲ್ಲ, ಆ ಕ್ಲಾಸಿನ ಹೊಸ ವಸ್ತು ಕಟ್ಟಿ ಅವಲಂಬನೆ ತುಂಬಿ ಕೊಡುತ್ತೆ. ಕಾಂಪೊನೆಂಟ್ ಅಂತಲೂ ಹಾಕಿದ್ದರೆ ಎರಡು ವಸ್ತು ಇರ್ತವೆ. ಒಳಗೆ ಕ್ಯಾಶ್ ಇಟ್ಟುಕೊಂಡಿದ್ದರೆ ಒಂದು ತುಂಬಿರುತ್ತೆ, ಒಂದು ಖಾಲಿ.

ಆದರೆ ಮಾಡ್ಯೂಲ್ ದಾರಿ ಹಿಡಿಯುವ ಮೊದಲು ಊರು ಅಂತ ನಿಮ್ಮದೇ ಒಂದು ಟೈಪ್ ಮಾಡಿ. ಸ್ಟ್ರಿಂಗ್ ಟೈಪಿಗೆ ನೋಂದಾಯಿಸಿದರೆ ರೈತರ ಹೆಸರೂ ಊರುಕೋಶಕ್ಕೆ ಹೋಗುತ್ತೆ. ಫೀಲ್ಡಿನ ಮೇಲಿನ ಹಳೇ ಅನೊಟೇಶನ್ ತೆಗೆಯೋದನ್ನೂ ಮರೀಬೇಡಿ, ಅದು ಇದ್ದರೆ ಮಾಡ್ಯೂಲಿಗಿಂತ ಅದರ ಮಾತೇ ನಡೆಯುತ್ತೆ.

ಟೆಸ್ಟಿಗೆ ಜೇಸನ್ ಟೆಸ್ಟ್ ಅನೊಟೇಶನ್ ಸಾಕು, ಪೂರಾ ಅಪ್ಲಿಕೇಶನ್ ಏರಿಸಬೇಕಿಲ್ಲ. ಅದು ಜೇಸನ್ ಕಾಂಪೊನೆಂಟುಗಳನ್ನು ಎತ್ತಿಕೊಳ್ಳುತ್ತೆ, ಸರ್ವಿಸ್ಸುಗಳನ್ನು ಎತ್ತಿಕೊಳ್ಳೋದಿಲ್ಲ. ಊರುಕೋಶದ ಜಾಗಕ್ಕೆ ಮಾಕ್ (ಸುಳ್ಳು ವಸ್ತು) ಕೊಡಿ.

ಭೀಮಾತೀರ, ಯಾದಗಿರಿ
ಮಂಗಳವಾರ, ಮಧ್ಯಾಹ್ನ 1:20

ಊಟದ ಹೊತ್ತಿನ್ಯಾಗ ಓದ್ದೆ. ನಾವು ಡಾಟ್‌ನೆಟ್ ಮಂದಿ, ನಮಗೂ ಇದೇ ಗೋಳು ಬಂದಿತ್ತು. ಯಾರಿಗರೆ ಉಪಯೋಗ ಆದೀತು ಅಂತ ಬರಿತೀನಿ.

ನಮ್ಮ ಕಡಿ ಜೇಸನ್ ಓದೋ ಲೈಬ್ರರಿ ಆದ ಸಿಸ್ಟಮ್ ಟೆಕ್ಸ್ಟ್ ಜೇಸನ್‌ನಾಗ ಪ್ರಾಪರ್ಟಿ ಮ್ಯಾಲ ಜೇಸನ್ ಕನ್ವರ್ಟರ್ ಆಟ್ರಿಬ್ಯೂಟ್ ಇಟ್ಟು ಟೈಪ್ ಕೊಟ್ರ, ಅದಕ್ಕೂ ಖಾಲಿ ಕನ್‌ಸ್ಟ್ರಕ್ಟರೇ ಬೇಕು. ಡಾಟ್‌ನೆಟ್ಟಿನ ಸರ್ವಿಸ್ ಕಂಟೇನರ್ ಅಲ್ಲಿ ತಲಿ ಹಾಕೋದಿಲ್ಲ. ಜಾಕ್ಸನ್‌ನಂಗ ಕಟ್ಟೋ ಕೆಲಸ ಬ್ಯಾರೆಯವರಿಗೆ ಒಪ್ಪಿಸೋ ಕೊಂಡಿನೂ ಹಂಗ ಟೈಪ್ ಕೊಟ್ಟ ಆಟ್ರಿಬ್ಯೂಟಿಗೆ ಇಲ್ಲ. ಹಿಂಗಾಗಿ ಆಟ್ರಿಬ್ಯೂಟ್ ಬಿಟ್ಟು, ಸರ್ವಿಸ್ ಕೈಯಾಗ ಕೊಟ್ಟು ಕಟ್ಟಿದ ಕನ್ವರ್ಟರನ್ನ ಜೇಸನ್ ಓದೋ ನಿಯಮ ಇರೋ ಆಪ್ಶನ್ಸ್‌ನ ಕನ್ವರ್ಟರ್ಸ್ ಪಟ್ಟಿಗೆ ಸೇರಿಸ್ತೀವಿ. ಅದನ್ನ ಪ್ರೋಗ್ರಾಮ್ ಏಳುವಾಗೇ ಮಾಡಬೇಕು, ಒಮ್ಮೆ ಆಪ್ಶನ್ಸ್ ಬಳಕಿಗೆ ಬಂತಂದ್ರ ಬೀಗ ಬೀಳ್ತದ, ಮುಂದ ತಿದ್ದಿದ್ರ ಎಕ್ಸೆಪ್ಷನ್.

ನಾವು ಮೂರು ವಾರ ಒದ್ದಾಡಿದ್ದು ಮತ್ತೊಂದಕ್ಕ. ಆಪ್ಶನ್ಸ್ ಅಪ್ಲಿಕೇಶನ್ ಇರೋತನಕ ಇರ್ತದ. ಅದರೊಳಗ ಕುಂತ ಕನ್ವರ್ಟರ್ ಒಂದು ಡಿಬಿ ಕಾಂಟೆಕ್ಸ್ಟ್ (ಡೇಟಾಬೇಸ್ ಜೊತಿ ಮಾತಾಡೋ ವಸ್ತು) ಹಿಡ್ಕೊಂಡ್ರ, ಒಂದು ರಿಕ್ವೆಸ್ಟಿಗಂತ ಹುಟ್ಟಿದ್ದನ್ನ ಜೀವನ ಪೂರಾ ಹಿಡ್ಕೊಂಡಂಗ. ಮುಂದಿನ ರಿಕ್ವೆಸ್ಟಿಗೆ ಅದು ವಿಸರ್ಜನೆ ಆಗಿರ್ತದ, ಇಲ್ಲ ಎರಡು ಥ್ರೆಡ್ (ಏಕಕಾಲಕ್ಕ ನಡಿಯೋ ಕೆಲಸದ ಎಳಿ) ಒಮ್ಮೆಗೇ ಒಳಗ ಕೈ ಹಾಕ್ತಾವ. ಬೇಕಾದ್ರ ಸ್ಕೋಪ್ ಫ್ಯಾಕ್ಟರಿ ಹಿಡ್ಕೊಂಡು ಪ್ರತಿ ಸಲ ಹೊಸ ಸ್ಕೋಪ್ (ವಸ್ತುಗಳು ಬದುಕೋ ಅವಧಿ) ತೆಗಿಬೇಕು. ಜಾವಾದಾಗೂ ಡಿಸೀರಿಯಲೈಜರ್ ಒಂದೇ ವಸ್ತು ಎಲ್ಲಾ ಥ್ರೆಡ್ಡಿಗೂ ಬಳಸ್ತಾರ ಅಂತ ಕೇಳೀನಿ, ಖರೆ ಏನ್ರಿ?

ಮಾಂಜ್ರಾ ದಂಡಿ, ಬೀದರ
ಮಂಗಳವಾರ, ಮಧ್ಯಾಹ್ನ 1:45

ಖರೆ. ಒಮ್ಮೆ ಕಟ್ಟಿದ್ದನ್ನ ಮ್ಯಾಪರ್ ಇಟ್ಕೊಂಡು ಮತ್ತ ಮತ್ತ ಬಳಸ್ತದ. ಡಿಸೀರಿಯಲೈಜರಿನ ಫೀಲ್ಡಿನಾಗ ಈ ಚೀಟಿದು ಅಂತ ಏನೂ ಬರೆದಿಡಬಾರದು, ಇನ್ನೊಬ್ಬರ ಚೀಟಿಗೆ ಅಂಟ್ಕೋತದ.

ತೊಗರಿಕಣ, ಕಲಬುರಗಿ
ಮಂಗಳವಾರ, ಸಂಜೆ 5:50

ಮಾಂಜ್ರಾ ಅಣ್ಣಾ, ಅಕ್ಕಾ, ನಿಮ್ಮಿಬ್ಬರಿಗೂ ಮನಸ್ಸಿನಿಂದ ಶರಣು. ಕನ್ವರ್ಟರಿಗೆ ಮ್ಯಾಪರ್ ಕೊಟ್ಟೆ, ಕ್ಯೂದಾಗ ಚಲೋ ನಡೀಲಕತ್ತದ. ಜೇಸನ್ ಕಾಂಪೊನೆಂಟೂ ಮಾಡೀನಿ.

ಆದ್ರ ಹೊಸದೊಂದು ಬಂತು. ಕೆಲವು ಫೋನ್‌ನಾಗ ಊರು ಬರೇ ಹೆಸರಲ್ಲ, ಊರು-ತಾಲೂಕು-ಜಿಲ್ಲೆ ಇರೋ ಸಣ್ಣ ಆಬ್ಜೆಕ್ಟ್ ಆಗಿ ಬರ್ತದ. ಅದನ್ನ ಓದ್ಲಿಕ್ಕ ಡಿಸೀರಿಯಲೈಜರ್ ಒಳಗ ಆಬ್ಜೆಕ್ಟ್ ಮ್ಯಾಪರನ್ನೂ ಕನ್‌ಸ್ಟ್ರಕ್ಟರ್‌ನಾಗ ಕೇಳಿದೆ. ಅಪ್ಲಿಕೇಶನ್ ಏಳೋದೇ ಇಲ್ಲ, ಸುತ್ತು ಅವಲಂಬನೆ ಅಂತದ.

ಬಸವಕಲ್ಯಾಣದ ಅಕ್ಕ
ಮಂಗಳವಾರ, ಸಂಜೆ 6:25

ಮ್ಯಾಪರ್ ಕಟ್ಟೋಕೆ ಡಿಸೀರಿಯಲೈಜರ್ ಬೇಕು, ಡಿಸೀರಿಯಲೈಜರ್ ಕಟ್ಟೋಕೆ ಮ್ಯಾಪರ್ ಬೇಕು ಅಂತ ನೀವೇ ಹೇಳಿದ ಹಾಗಾಯ್ತು. ಬೂಟ್ 2.6ರಿಂದ ಇಂಥ ಸುತ್ತನ್ನು ಮೊದಲಿಗೇ ತಡೀತಾರೆ. ಲೇಜಿ (ಬೇಕಾದಾಗ ಮಾತ್ರ ಕಟ್ಟು ಅನ್ನುವ ಗುರುತು) ಹಾಕಿ ದಾಟಬಹುದು, ಹಾಕಬೇಡಿ. ಮ್ಯಾಪರ್ ನಿಮ್ಮ ಕೈಯಲ್ಲೇ ಇದೆ: ಡಿಸೀರಿಯಲೈಜ್ ಮೆಥಡ್ಡಿಗೆ ಬರುವ ಡಿಸೀರಿಯಲೈಜೇಶನ್ ಕಾಂಟೆಕ್ಸ್ಟಿನ ರೀಡ್ ವ್ಯಾಲ್ಯೂ ಕರೆಯಿರಿ. ಮರ ಆಗಿ ಓದಿಕೊಂಡಿದ್ದರೆ ಜಾಕ್ಸನ್ 2.13ರಿಂದ ರೀಡ್ ಟ್ರೀ ಆ್ಯಸ್ ವ್ಯಾಲ್ಯೂ ಇದೆ.

ಒಂದು ಎಚ್ಚರ. ಒಳಗೆ ಓದಿಸುವಾಗ ಊರು ಟೈಪನ್ನೇ ಕೇಳಬೇಡಿ. ಅದಕ್ಕೆ ನೋಂದಾಯಿಸಿದ್ದು ಇದೇ ಡಿಸೀರಿಯಲೈಜರ್, ತನ್ನನ್ನೇ ತಾನು ಕರೆದು ಸ್ಟ್ಯಾಕ್ ತುಂಬೋವರೆಗೆ ಸುತ್ತುತ್ತೆ. ಮೂರು ಫೀಲ್ಡಿನ ಬೇರೆ ಸಣ್ಣ ಕ್ಲಾಸ್ ಇಟ್ಟು ಅದನ್ನು ಓದಿಸಿ.

ಕಿರ್ದಿ ಪುಸ್ತಕ, ಕಲಬುರಗಿ
ಮಂಗಳವಾರ, ರಾತ್ರಿ 9:15

ಎಲ್ಲರ ಉತ್ತರ ಓದಿದೆ, ಒಂದೂ ತಪ್ಪಿಲ್ಲ. ಆದರೆ ತಮ್ಮಾ, ನೀನು ಕೇಳಿದ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇದೆ. ಅದನ್ನು ಇಲ್ಲಿ ಯಾರೂ ಎತ್ತಲಿಲ್ಲ.

ಊರುಕೋಶ ಡೇಟಾಬೇಸಿಗೆ ಹೋಗುತ್ತದೆ ಅಂದೆ. ಡೇಟಾಬೇಸ್ ಐದು ನಿಮಿಷ ಬಿದ್ದರೆ ಏನಾಗುತ್ತದೆ, ಹೆಜ್ಜೆ ಹೆಜ್ಜೆಯಾಗಿ ನೋಡು. ಊರುಕೋಶ ಎಕ್ಸೆಪ್ಷನ್ ಎಸೆಯುತ್ತದೆ. ಅದು ಹೊರಬೀಳುವುದು ಡಿಸೀರಿಯಲೈಜರ್ ಒಳಗಿಂದ, ಆದ್ದರಿಂದ ಜಾಕ್ಸನ್ ಅದನ್ನು ತನ್ನ ಜೇಸನ್ ಮ್ಯಾಪಿಂಗ್ ಎಕ್ಸೆಪ್ಷನ್ನಿನಲ್ಲಿ ಸುತ್ತುತ್ತದೆ. ಸ್ಪ್ರಿಂಗಿನ ವೆಬ್ ಭಾಗವಾದ ಎಂವಿಸಿ ಅದನ್ನು ನೋಡಿ, ಬಂದ ಜೇಸನ್ನೇ ಓದಲು ಬರದಂತಿದೆ ಎಂದು ತಿಳಿದು 400 ಎಂಬ ಉತ್ತರ ಸಂಖ್ಯೆ ಕೊಡುತ್ತದೆ. 400 ಅಂದರೆ ಕಳಿಸಿದವನ ತಪ್ಪು. 500 ಅಂದರೆ ನಮ್ಮ ತಪ್ಪು, ಆಮೇಲೆ ಮತ್ತೆ ಕಳಿಸು. ನಿನ್ನ ಫೋನ್ ಆ್ಯಪ್ 400 ಬಂದಾಗ ಚೀಟಿಯನ್ನು ಏನು ಮಾಡುತ್ತದೆ?

ಈಗ ಕ್ಯೂ. ರ‍್ಯಾಬಿಟ್ ಲಿಸನರಿನಲ್ಲಿ ಕನ್ವರ್ಟರ್ ಸೋತರೆ ಅದು ಮೆಸೇಜ್ ಕನ್ವರ್ಶನ್ ಎಕ್ಸೆಪ್ಷನ್ ಆಗುತ್ತದೆ. ಸ್ಪ್ರಿಂಗಿನ ಮೂಲ ನಿಯಮದ ಪ್ರಕಾರ ಇದು ಎಷ್ಟು ಸಲ ಓದಿದರೂ ಸರಿಹೋಗದ ಸಂದೇಶ. ಆದ್ದರಿಂದ ಅದನ್ನು ಕ್ಯೂಗೆ ಮರಳಿಸದೆ ತಿರಸ್ಕರಿಸುತ್ತದೆ. ತಿರಸ್ಕರಿಸಿದ ಸಂದೇಶಗಳನ್ನು ಬೇರೆಡೆ ಕಳಿಸುವ ಡೆಡ್ ಲೆಟರ್ ಎಕ್ಸ್‌ಚೇಂಜ್ ಕಟ್ಟಿದ್ದರೆ ಅಲ್ಲಿಗೆ ಹೋಗಿ ಕೂರುತ್ತದೆ, ಕಟ್ಟಿರದಿದ್ದರೆ ಸಂದೇಶ ಇಲ್ಲವಾಗುತ್ತದೆ. ಶನಿವಾರ ಮಧ್ಯಾಹ್ನದಿಂದ ಭಾನುವಾರ ರಾತ್ರಿಯವರೆಗೆ ನಿನ್ನ ನಲ್ ಪಾಯಿಂಟರ್ ಕೂಡ ಇದೇ ದಾರಿಯಲ್ಲಿ ಹೋಗಿದೆ. ಹಳೇ ಆವೃತ್ತಿ ಹಾಕಿದ ಮೇಲೆ ಆ ಚೀಟಿಗಳು ಕ್ಯೂನಲ್ಲಿ ಕಾಯುತ್ತಿದ್ದವು ಎಂದು ನೀನು ನಂಬಿದ್ದೀಯಾ? ಈಗಲೇ ಎಣಿಸಿ ನೋಡು. ಉಳಿದ ಮಾತು ಆಮೇಲೆ ಆಡೋಣ.

ತೊಗರಿಕಣ, ಕಲಬುರಗಿ
ಮಂಗಳವಾರ, ರಾತ್ರಿ 11:50

ಸರ್, ಆಫೀಸಿಗೆ ವಾಪಸ್ ಬಂದು ಕುಂತು ಎಣಿಸೀವಿ. ಡೆಡ್ ಲೆಟರ್ ಕಟ್ಟಿರಲಿಲ್ಲ. ಕ್ಯೂದಾಗ ಕಾಯ್ಲಕತ್ತಾವ ಅಂತೇ ನಾ ತಿಳ್ಕೊಂಡಿದ್ದೆ. ಲಾಗ್‌ನಾಗ 43 ಎಕ್ಸೆಪ್ಷನ್ ಅವ, ಡೇಟಾಬೇಸ್‌ನಾಗ ಆ 43 ಚೀಟಿ ಇಲ್ಲ. ಎಲ್ಲಾ ಚಿಂಚೋಳಿ, ಕಾಳಗಿ ಕಡಿಂದು, ನೆಟ್‌ವರ್ಕ್ ಇಲ್ಲದ ಊರುಗಳು. ಅಂಗಡಿಯೊಳಗ ಕಾರ್ಬನ್ ಹಾಳಿ ಚೀಟಿ ಪುಸ್ತಕ ಇರ್ತದ, ನಾಳೆ ಮುಂಜಾನೆ ಅಂಗಡಿ ಅಂಗಡಿಗೆ ಹೋಗಿ ತರ್ತೀವಿ.

ಫೋನ್ ಆ್ಯಪ್ ಬರೆದವನಿಗೂ ಕೇಳಿದೆ. 400 ಬಂದ್ರ ಚೀಟಿ ಕೆಟ್ಟದ ಅಂತ ಕೆಂಪು ಗುರುತು ಹಾಕಿ ಬಿಡ್ತದಂತ, ಮತ್ತ ಕಳಿಸೋದಿಲ್ಲಂತ. ಡೆಡ್ ಲೆಟರ್ ಕ್ಯೂ ಈಗ ಕಟ್ಟಿ ಮಲಗ್ಲಿಕ್ಕ ಹೊಂಟೀನಿ.

ಕಿರ್ದಿ ಪುಸ್ತಕ, ಕಲಬುರಗಿ
ಬುಧವಾರ, ಬೆಳಿಗ್ಗೆ 6:45

ಪುಸ್ತಕ ಇದೆಯಲ್ಲ, ಚೀಟಿ ಸಿಗುತ್ತವೆ. ಮೊದಲು ಅದನ್ನು ಮುಗಿಸು.

ನನ್ನ ಮಾತು ಇಷ್ಟೇ. ಡಿಸೀರಿಯಲೈಜರಿನ ಕೆಲಸ ಅಕ್ಷರ ಓದುವುದು. ಊರು ಯಾವುದು ಎಂದು ಗುರುತಿಸುವುದು ವ್ಯವಹಾರದ ಕೆಲಸ. ಚೀಟಿಯನ್ನು ಬಂದಂತೆ, ಊರಿನ ಹೆಸರನ್ನು ಬರೆದಂತೆ, ಒಂದು ಸಾದಾ ಕ್ಲಾಸಿಗೆ ಇಳಿಸಿಕೋ. ಅದಾದ ಮೇಲೆ ಸರ್ವಿಸ್ಸಿನೊಳಗೆ ಊರುಕೋಶವನ್ನು ಕೇಳು. ಆಗ ಡೇಟಾಬೇಸ್ ಬಿದ್ದರೆ 500 ಹೋಗುತ್ತದೆ, ಊರು ಸಿಗದಿದ್ದರೆ ಯಾವ ಚೀಟಿಯ ಯಾವ ಊರು ಎಂದು ಹೇಳಿ ತಿಳಿಸಬಹುದು. ಕ್ಯೂನಲ್ಲಿ ಮತ್ತೆ ಪ್ರಯತ್ನಿಸು ಎನ್ನಬಹುದು. ಒಟ್ಟಿಗೆ 400 ಚೀಟಿ ಬಂದರೆ ಡಿಸೀರಿಯಲೈಜರ್ ಒಂದೊಂದು ಊರಿಗೂ ಒಂದು ಕ್ವೆರಿ, 400 ಸಲ ಡೇಟಾಬೇಸ್ ಬಾಗಿಲು ಬಡಿಯುತ್ತದೆ, ಏಕೆಂದರೆ ಅದಕ್ಕೆ ಕಾಣುವುದು ತನ್ನ ಕೈಯಲ್ಲಿರುವ ಒಂದೇ ತುಂಡು. ಸರ್ವಿಸ್ ಎಲ್ಲ ಹೆಸರು ಕೂಡಿಸಿ ಒಂದೇ ಕ್ವೆರಿ ಕೇಳಬಹುದು. ಅಷ್ಟು ಮಾಡಿದರೆ ಡಿಸೀರಿಯಲೈಜರಿಗೆ ಊರುಕೋಶ ಬೇಕೇ ಇಲ್ಲ.

ಮಾಂಜ್ರಾ ದಂಡಿ, ಬೀದರ
ಬುಧವಾರ, ಬೆಳಿಗ್ಗೆ 9:30

ಕಿರ್ದಿ ಸರ್ ಮಾತಿಗೆ ಮುಕ್ಕಾಲು ಪಾಲು ಹೌದಂತೀನಿ. ಕಾಲು ಪಾಲು ಬ್ಯಾರೆ ಅದ.

ಡಿಸೀರಿಯಲೈಜರಿಗೆ ಹೊರಗಿಂದ ಏನೂ ಬ್ಯಾಡ ಅಂದ್ರ ಅದು ಹೆಚ್ಚಾತು. ನಾವು ಒಂದು ಕಡೆ ಗುಪ್ತಲಿಪಿಯಲ್ಲಿ ಬರೋ ಫೀಲ್ಡ್ ಬಿಡಿಸಿ ಓದಬೇಕಾಗ್ತದ, ಅದಕ್ಕ ಕೀಲಿ ಬೇಕು, ಕೀಲಿ ಕಾನ್ಫಿಗರೇಶನ್‌ನಾಗ ಅದ. ಅದು ಅಕ್ಷರ ಓದೋ ಕೆಲಸವೇ, ಕೀಲಿನ್ನ ಕನ್‌ಸ್ಟ್ರಕ್ಟರ್‌ನಾಗ ಕೊಡೋದೇ ಸರಿ. ಹಂಗೇ ಅಪ್ಲಿಕೇಶನ್ ಏಳುವಾಗ ಒಮ್ಮೆ ತುಂಬಿದ, ಮುಂದ ಬದಲಾಗದ ಸಣ್ಣ ಕೋಷ್ಟಕ. ಮೆಮೊರಿಯೊಳಗ ಅದ, ಬೀಳೋದಿಲ್ಲ, ಕಾಯಿಸೋದಿಲ್ಲ. ನಾ ಹಾಕೋ ಗೆರಿ ಇಲ್ಲಿ ಅದ: ಕೊಟ್ಟ ವಸ್ತು ಸೋಲಬಹುದಾದ್ರ, ತಡ ಮಾಡಬಹುದಾದ್ರ, ಅದು ಡಿಸೀರಿಯಲೈಜರ್ ಒಳಗ ಬರಬಾರದು.

ಒಂದೊಂದು ಓದಿಗೂ ಬ್ಯಾರೆ ಬ್ಯಾರೆ ಮಾಹಿತಿ ಬೇಕಾದ್ರ, ಯಾವ ಅಂಗಡಿಯ ಚೀಟಿ ಅನ್ನೋಂಥದ್ದು, ಅದಕ್ಕ ಬೀನ್ ಬ್ಯಾಡ. ಮ್ಯಾಪರಿನಿಂದ ಹುಟ್ಟೋ ಆಬ್ಜೆಕ್ಟ್ ರೀಡರಿಗೆ ವಿತ್ ಆಟ್ರಿಬ್ಯೂಟ್ ಅಂತ ಕಟ್ಟಿ ಕಳಸ್ರಿ, ಡಿಸೀರಿಯಲೈಜರ್ ಕಾಂಟೆಕ್ಸ್ಟಿನಿಂದ ಗೆಟ್ ಆಟ್ರಿಬ್ಯೂಟ್ ಮಾಡಿ ತಗೋತದ. ರೀಡರ್ ಬದಲಾಗೋದಿಲ್ಲ, ಪ್ರತಿ ಸಲ ಹೊಸದು ಹುಟ್ತದ, ಥ್ರೆಡ್ಡಿನ ಭಯ ಇಲ್ಲ.

ಓದೋ ಹುಡುಗ, ಔರಾದ
ಬುಧವಾರ, ಬೆಳಿಗ್ಗೆ 10:00

ಅಣ್ಣಾ, ಜಾಕ್ಸನ್ ಇಂಜೆಕ್ಟ್ ಅನೊಟೇಶನ್ ಅಂತ ಒಂದು ನೋಡಿದೆ. ಅದೂ ಇದೇ ಏನ್ರಿ?

ಮಾಂಜ್ರಾ ದಂಡಿ, ಬೀದರ
ಬುಧವಾರ, ಬೆಳಿಗ್ಗೆ 10:10

ಅದು ಡಿಸೀರಿಯಲೈಜರಿಗೆ ಅಲ್ಲ, ಓದಿ ಕಟ್ಟೋ ವಸ್ತುವಿನ ಫೀಲ್ಡಿಗೆ ಹೊರಗಿನ ಬೆಲಿ ತುಂಬೋದು. ಬೆಲಿಗಳನ್ನ ಇಂಜೆಕ್ಟೆಬಲ್ ವ್ಯಾಲ್ಯೂಸ್ ಅಂತ ರೀಡರಿಗೆ ಕೊಡಬೇಕು. ಜ್ವಾಕಿ ಏನಂದ್ರ, ಹಂಗೇ ಬಿಟ್ರ ಜೇಸನ್‌ನಾಗ ಅದೇ ಹೆಸರಿನ ಕೀಲಿ ಬಂದಾಗ ಜೇಸನ್‌ದೇ ಗೆಲ್ತದ. ಅಂಗಡಿ ಸಂಖ್ಯೆಯಂಥದ್ದನ್ನ ಹಂಗ ತುಂಬಿದ್ರ ಹೊರಗಿನವ ತನ್ನದು ತುರುಕಬಹುದು.

ಭೀಮಾತೀರ, ಯಾದಗಿರಿ
ಬುಧವಾರ, ಮಧ್ಯಾಹ್ನ 2:00

ಕಿರ್ದಿ ಸರ್ ಹೇಳಿದ್ದಕ್ಕ ನಮ್ಮ ಕಡಿಂದು ಒಂದು ಸಾಕ್ಷಿ ಕೊಡ್ತೀನಿ, ಯಾಕಂದ್ರ ಇದು ಡಿಪೆಂಡೆನ್ಸಿ ಮಾತಿಗಿಂತ ದೊಡ್ಡದು ಅಂತ ನನಗ ಅನಿಸ್ತದ.

ಯಾದಗಿರಿ ಜಿಲ್ಲಾ ಆಗಿದ್ದು 2009ರ ಡಿಸೆಂಬರ್ 30ಕ್ಕ. ಅದಕ್ಕೂ ಮೊದಲಿನ ಕಾಗದ ತೆಗೆದ್ರ ಶಹಾಪುರ ತಾಲೂಕು, ಗುಲ್ಬರ್ಗಾ ಜಿಲ್ಲಾ ಅಂತ ಅದ. ಅದು ತಪ್ಪಲ್ಲ, ಅವತ್ತಿನ ಸತ್ಯ. ಇವತ್ತಿನ ಚೀಟಿಯೊಳಗ ಶಹಾಪುರ, ಗುಲ್ಬರ್ಗಾ ಜಿಲ್ಲಾ ಅಂತ ಬಂದ್ರ ಅದು ಹಳೇ ರೂಢಿ. ಎರಡಕ್ಕೂ ಅಕ್ಷರ ಒಂದೇ, ಬೇಕಾದ ಉತ್ತರ ಬ್ಯಾರೆ. ಬಿಡಿಸಬೇಕಂದ್ರ ಚೀಟಿಯ ತಾರೀಖು ಬೇಕು. ಊರು ಫೀಲ್ಡಿನ ಡಿಸೀರಿಯಲೈಜರಿಗೆ ತಾರೀಖು ಕಾಣೋದಿಲ್ಲ, ಅದು ಇನ್ನೊಂದು ಫೀಲ್ಡು. ಜೇಸನ್ ಆಬ್ಜೆಕ್ಟಿನ ಕೀಲಿಗಳಿಗೆ ಕ್ರಮ ಅಂತಿಲ್ಲ, ತಾರೀಖು ಮುಂದ ಬರಬಹುದು, ಹಿಂದೂ ಬರಬಹುದು. ಸರ್ವಿಸ್ ಎಷ್ಟು ಚಂದ ಇಂಜೆಕ್ಟ್ ಆದ್ರೂ ಆ ಜಾಗದಾಗ ನಿಂತು ಸರಿ ಉತ್ತರ ಕೊಡ್ಲಿಕ್ಕ ಆಗೋದಿಲ್ಲ.

ಮತ್ತ ಕಮಲಾಪುರ ನೋಡ್ರಿ. ಕಲಬುರಗಿ ಜಿಲ್ಲಾದಾಗ ಒಂದು ತಾಲೂಕು, ಹಂಪಿ ಹತ್ರ ಒಂದು ಊರು, ಬೀದರ ಜಿಲ್ಲಾದಾಗ ಕಮಲನಗರ. ಹುಡುಗ ಕಮಲಪುರ ಅಂತ ಅವಸರದಾಗ ಬರೆದ್ರ ಯಾವುದು? ಇದನ್ನ ಅಂಗಡಿಯವರಿಗೇ ಕೇಳಬೇಕು. ಕೇಳಬೇಕಂದ್ರ ಅವ ಬರೆದದ್ದು ಅಕ್ಷರ ಅಕ್ಷರ ನಮ್ಮ ಹತ್ರ ಇರಬೇಕು. ಡಿಸೀರಿಯಲೈಜರ್ ಹೆಸರು ತಗೊಂಡು ಬರೇ ಕೋಡ್ ಕೊಟ್ರ, ಮೂಲ ಅಲ್ಲೇ ಹೋತು. ರೈತನ ದುಡ್ಡು ಯಾವ ಊರಿನ ಖಾತಿಗೆ ಬಿತ್ತು ಅಂತ ಆಮ್ಯಾಲ ಯಾರೂ ತೋರ್ಸಲಿಕ್ಕ ಆಗೋದಿಲ್ಲ.

ಬಸವಕಲ್ಯಾಣದ ಅಕ್ಕ
ಬುಧವಾರ, ಸಂಜೆ 7:00

ಭೀಮಾತೀರ ಅವರು ಹೇಳಿದ್ದು ನನ್ನ ಮನಸ್ಸು ಬದಲಿಸ್ತು. ನಿನ್ನೆ ನಾನು ಸರ್ವಿಸ್ಸನ್ನು ಒಳಗೆ ತರುವ ದಾರಿ ಮಾತ್ರ ಹೇಳಿದೆ, ತರಬೇಕಾ ಅಂತ ಕೇಳಲಿಲ್ಲ.

ಆದರೂ ಊರು ಡಿಸೀರಿಯಲೈಜರ್ ಅಳಿಸಬೇಡಿ, ಅದಕ್ಕೆ ಒಂದು ಕೆಲಸ ಇದೆ, ಏನೂ ಇಂಜೆಕ್ಟ್ ಆಗದೇ ನಡೆಯುವ ಕೆಲಸ. ಕನ್ನಡ ಅಕ್ಷರ ಕಣ್ಣಿಗೆ ಒಂದೇ ಕಂಡರೂ ಒಳಗೆ ಬೇರೆ ಇರಬಹುದು. ಕೊಡ್ಲಿ ಅನ್ನುವ ಊರಿನ ಹೆಸರಲ್ಲಿ ಒಕಾರದ ಗುರುತು ಒಂದೇ ಕೋಡ್ ಆಗಿಯೂ ಬರಬಹುದು, ಎಕಾರ ಮತ್ತು ಊಕಾರದ ಎರಡು ಗುರುತು ಕೂಡಿಯೂ ಬರಬಹುದು. ಯೂನಿಕೋಡಿನಲ್ಲಿ ಎರಡೂ ಸಮಾನ, ಜಾವಾದ ಈಕ್ವಲ್ಸ್ ಮಾತ್ರ ಸುಳ್ಳು ಅನ್ನುತ್ತೆ. ಜಾವಾದ ನಾರ್ಮಲೈಜರ್ ಕ್ಲಾಸಿನಲ್ಲಿ ಬಿಡಿ ಗುರುತುಗಳನ್ನು ಕೂಡಿಸುವ ಎನ್‌ಎಫ್‌ಸಿ ಮಾಡಿದರೆ ಒಂದಾಗುತ್ತೆ. ಕೆಲವು ಕೀಲಿಮಣೆ ಕಣ್ಣಿಗೆ ಕಾಣದ ಜೋಡಿಸುವ, ಬಿಡಿಸುವ ಗುರುತು ಹಾಕ್ತವೆ, ಅದನ್ನು ಎನ್‌ಎಫ್‌ಸಿ ತೆಗೆಯೋದಿಲ್ಲ. ಹೋಲಿಸಲು ಇಡುವ ಪ್ರತಿಯಲ್ಲಿ ಅದನ್ನು ನೀವೇ ತೆಗೀಬೇಕು, ಮೂಲ ಪ್ರತಿಯನ್ನು ಮುಟ್ಟಬಾರದು.

ಅಂಕಿಯ ಕಡೆಗೂ ನೋಡಿ. ಯಾರಾದರೂ ದರವನ್ನು ೭೫೫೦ ಅಂತ ಕನ್ನಡ ಅಂಕಿಯಲ್ಲಿ ಬರೆದರೆ ಜೇಸನ್ ಅದನ್ನು ಸಂಖ್ಯೆ ಅಂತ ಒಪ್ಪೋದಿಲ್ಲ, ಉದ್ಧರಣೆಯೊಳಗೆ ಸ್ಟ್ರಿಂಗ್ ಆಗಿಯೇ ಬರಬೇಕು. ಜಾವಾದ ಇಂಟಿಜರ್ ಪಾರ್ಸ್ ಇಂಟ್ ಆ ಅಂಕಿಗಳನ್ನು ಓದುತ್ತೆ, ನನಗೆ ಇದು ಗೊತ್ತಾದ ದಿನ ಬಹಳ ಖುಷಿಯಾಗಿತ್ತು. ಇವೆಲ್ಲ ಡಿಸೀರಿಯಲೈಜರಿನ ಹಕ್ಕಿನ ಕೆಲಸ. ಬರೇ ನ್ಯೂ ಮಾಡಿದ ಮ್ಯಾಪರಿಗೆ ಕೈಯಾರೆ ಸೇರಿಸಿದರೂ ನಡೀತದೆ, ಕ್ಯೂನಲ್ಲೂ ನಡೀತದೆ, ಟೆಸ್ಟಿನಲ್ಲೂ ನಡೀತದೆ.

ತೊಗರಿಕಣ, ಕಲಬುರಗಿ
ಶುಕ್ರವಾರ, ರಾತ್ರಿ 8:30

ಎರಡು ದಿನ ಇಲ್ಲಿ ಬರಲಿಕ್ಕ ಆಗಲಿಲ್ಲ, ಈಗ ಹೇಳ್ತೀನಿ.

ಊರುಕೋಶನ ಡಿಸೀರಿಯಲೈಜರಿನಿಂದ ಹೊರಗ ತೆಗೆದೀವಿ. ಊರು ಟೈಪಿನಾಗ ಈಗ ಎರಡೇ ಅವ: ಬರೆದ ಮೂಲ, ಹೋಲಿಸ್ಲಿಕ್ಕ ತೊಳೆದ ಪ್ರತಿ. ಅಕ್ಕ ಹೇಳಿದಂಗ ಎನ್‌ಎಫ್‌ಸಿ ಹಾಕಿದ್ದಕ್ಕ ಕೊಡ್ಲಿಯ ಎರಡು ನಮೂನಿ ಒಂದಾದವು. ಕೋಡ್ ಹಚ್ಚೋದು ಚೀಟಿ ಸರ್ವಿಸ್‌ನಾಗ, ತಾರೀಖು ಕೈಯಾಗ ಹಿಡ್ಕೊಂಡು, ಇಡೀ ಕಟ್ಟಿಗೆ ಒಂದೇ ಕ್ವೆರಿ. ಊರು ಸಿಗದ ಚೀಟಿ ಬಿಸಾಡೋದಿಲ್ಲ, ಅಂಗಡಿಯವರ ಪರದೆ ಮ್ಯಾಲ ಹಳದಿ ಆಗಿ ನಿಲ್ತದ. ಡೇಟಾಬೇಸ್ ಬೇಕಂತ ಬಂದ್ ಮಾಡಿ ನೋಡಿದೆ, ವೆಬ್‌ನಾಗ 500 ಬಂತು, ಕ್ಯೂದಾಗಿನ ಚೀಟಿ ಕಳದು ಹೋಗಲಿಲ್ಲ, ಡೇಟಾಬೇಸ್ ಎದ್ದ ಮ್ಯಾಲ ತಾವೇ ಒಳಗ ಬಂದವು.

ಕನ್ವರ್ಟರಿಗೆ ಸ್ಪ್ರಿಂಗಿನ ಮ್ಯಾಪರ್ ಕೊಟ್ಟಿದ್ದು ಹಂಗೇ ಇಟ್ಟೀನಿ. ಊರಿಗೆ ಈಗ ಸರ್ವಿಸ್ ಬ್ಯಾಡ, ಆದ್ರ ಎರಡು ಬಾಗಿಲಿಗೆ ಎರಡು ಮ್ಯಾಪರ್ ಇರೋದು ನನಗ ಇನ್ನ ಬ್ಯಾಡ.

43 ಚೀಟಿಯೊಳಗ 39 ಕಾರ್ಬನ್ ಪುಸ್ತಕದಾಗ ಸಿಕ್ಕವು, ತುಂಬೀವಿ. ಉಳಿದ ನಾಲ್ಕು ಚೀಟಿ ಕಾಳಗಿ ಕಡಿ ಒಂದೇ ಊರಿಂದು, ಅಲ್ಲಿ ಪುಸ್ತಕದ ಹಾಳಿ ತೊಯ್ದಿದ್ದವು. ರೈತರ ಹತ್ರ ಅವರ ಪ್ರತಿ ಇರ್ತದ, ನಾಳೆ ಬೆಳಿಗ್ಗೆ ಬಸ್ಸಿಗೆ ನಾನೇ ಹೊಂಟೀನಿ.

ಕಿರ್ದಿ ಪುಸ್ತಕ, ಕಲಬುರಗಿ
ಶುಕ್ರವಾರ, ರಾತ್ರಿ 9:05

ಹೋಗಿ ಬಾ ತಮ್ಮಾ. ಆ ನಾಲ್ಕು ಚೀಟಿಯಲ್ಲಿ ಊರನ್ನು ರೈತರು ಹೇಗೆ ಬರೆದಿದ್ದಾರೋ ಹಾಗೇ ಇಳಿಸಿಕೋ.